ಕೋಲಾರಕ್ಕೆ ಇನ್ನೊಂದು ಗಣಿ ಬೇಡ!

ಕನ್ನಡದ ತರುಣ ಗೆಳೆಯರೇ,

ಶನಿವಾರ ರಾತ್ರಿ ಬೆಂಗಳೂರಿನಿಂದ ಬೈಕು ಹತ್ತಿ ಅಂತರಗಂಗೆ ಬೆಟ್ಟಕ್ಕೆ ಹೊರಡುವವರು ನಿಮ್ಮಲ್ಲಿ ಅನೇಕರು. ಹೋಗಿ, ಬೇಡವೆನ್ನುವುದಿಲ್ಲ. ಆದರೆ ಕಲ್ಲು ಬಸವನ ಬಾಯಿಂದ ನೀರು ಸುರಿಯುವ ಆ ಬೆಟ್ಟದ ಬಂಡೆಗಳ ಸಂದಿಯಲ್ಲಿ ಎಸೆದು ಬಂದ ಪ್ಲಾಸ್ಟಿಕ್ ಬಾಟಲಿ ಹೆಕ್ಕುವವರು ಯಾರು? ನೀವು ಖರ್ಚು ಮಾಡಿದ ದುಡ್ಡು ಯಾರ ಜೇಬು ಸೇರಿತು?

ಅಗೆದುಕೊಂಡು ಹೋಗುವವರ ಪರಿಚಯ ಈ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದದ್ದು ಕೋಲಾರದ ಚಿನ್ನದ ಗಣಿಗೆ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಮಣ್ಣಿನ ದಿಬ್ಬಗಳು ಉಳಿದವು! ಒಂದೇ ಕಸುಬನ್ನು ನಂಬಿದ ಊರಿನ ಗತಿ ಇದು. ಪ್ರವಾಸೋದ್ಯಮವೂ ಇನ್ನೊಂದು ಗಣಿಯಾಗಬೇಕೆ?

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ನಂದಿಬೆಟ್ಟ ಕೋಲಾರದ ಕೈಬಿಟ್ಟಿತು. ರಜೆ ಬಂದರೆ ಅಲ್ಲಿ ಕಾರುಗಳ ಸಾಲು. ಆ ಜಂಗುಳಿಯನ್ನು ಇಲ್ಲಿಗೂ ತರುವುದು ಅಭಿವೃದ್ಧಿಯಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನೆಲ ಇದು. ಸಾವಿರ ಅಡಿ ಕೊರೆದರೂ ನೀರು ಕಾಣದ ಹಳ್ಳಿಗಳಿವೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಇಂಥಲ್ಲಿ ರೆಸಾರ್ಟಿನ ಈಜುಕೊಳಕ್ಕೆ ನೀರು ಎಲ್ಲಿಂದ ಬರಬೇಕು?

ದಾರಿ ಬೇರೆಯಿದೆ. ಒಂದೇ ಬೆಟ್ಟಕ್ಕೆ ಮುಗಿಬೀಳುವ ಜನ ಎಲ್ಲ ತಾಲ್ಲೂಕಿಗೂ ಹಂಚಿಹೋಗಲಿ. ಕೋಲಾರದಲ್ಲಿ ಕೋಲಾರಮ್ಮ, ಸೋಮೇಶ್ವರ, ಡಿ.ವಿ.ಜಿ. ಹುಟ್ಟಿದ ಮುಳಬಾಗಿಲಿನ ಸೀಮೆಯಲ್ಲಿ ಆವನಿ, ಕುರುಡುಮಲೆ. ಮಾಲೂರಿನ ಕಡೆ ಚಿಕ್ಕತಿರುಪತಿ, ಮಾಸ್ತಿ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ತೋಪುಗಳು. ತಂಗುವುದು ರೈತರ ಮನೆಯಲ್ಲಾಗಲಿ. 2020ರ ಲಾಕ್‌ಡೌನ್‌ನಲ್ಲಿ ಪ್ರವಾಸ ನಿಂತಿತು. ಹಸು ಹಾಲು ಕೊಡುವುದು ನಿಲ್ಲಲಿಲ್ಲ! ಹಾಲು, ರೇಷ್ಮೆ, ಮಾವು ಈ ನೆಲದ ಮುದ್ದೆ. ಪ್ರವಾಸದ ದುಡ್ಡು ಅದರ ಜೊತೆಗಿನ ಸಾರಾಗಲಿ, ಮುದ್ದೆಯನ್ನೇ ಕಸಿಯದಿರಲಿ.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟೇ. ಬೆಟ್ಟ ತಾಳುವಷ್ಟೇ ಜನ ಬೆಟ್ಟ ಹತ್ತಲಿ; ಮಿತಿ ಕಾಗದದಲ್ಲಲ್ಲ, ಬೆಟ್ಟದ ಬುಡದಲ್ಲಿ ಜಾರಿಯಾಗಲಿ. ಪ್ರವಾಸಿಗಳಿಂದ ಬಂದ ಶುಲ್ಕದ ಒಂದು ಪಾಲು ಆಯಾ ಪಂಚಾಯಿತಿಯ ಕೆರೆಗೆ ಸಲ್ಲಲಿ. ಆಯಾ ತಾಲ್ಲೂಕಿನ ಹುಡುಗ ಹುಡುಗಿಯರೇ ಮಾರ್ಗದರ್ಶಿಗಳಾಗಿ, ತಮ್ಮೂರಿನ ಕಥೆಯನ್ನು ಕನ್ನಡದಲ್ಲಿ ಹೇಳಿ ಸಂಬಳ ಪಡೆಯಲಿ.

ನಿಮ್ಮಲ್ಲೂ ಒಂದು ಮಾತು. ಒಯ್ದ ಕಸವನ್ನು ವಾಪಸು ತನ್ನಿ. ಒಂದು ಹೊತ್ತಿನ ಊಟವನ್ನು ಹಳ್ಳಿಯಲ್ಲೇ ದುಡ್ಡು ಕೊಟ್ಟು ಉಣ್ಣಿ. ನಾಡಿಗೆಲ್ಲ ಚಿನ್ನ ಕೊಟ್ಟ ನೆಲದ ಋಣವನ್ನು ಇಷ್ಟಾದರೂ ತೀರಿಸೋಣ!