ಅಡಿಕೆ ಮರ ಹತ್ತುವವರ ಜೀವರಕ್ಷಣೆ ಮತ್ತು ಅಪಘಾತ ಪರಿಹಾರ ಕುರಿತ ಮನವಿ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ, ಬೆಂಗಳೂರು.

ಮೂಲಕ: ಮಾನ್ಯ ಸಹಾಯಕ ಆಯುಕ್ತರು, ಶಿರಸಿ ಉಪವಿಭಾಗ.

ವಿಷಯ: ಕೊನೆಗೌಡರು (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು), ಮದ್ದು ಹೊಡೆಯುವವರು ಹಾಗೂ ದೋಟಿ (ಉದ್ದನೆಯ ಕೊಯ್ಲು ಕೋಲು) ಕೆಲಸದವರಿಗೆ ಅಪಘಾತ ನಿಧಿ ಮತ್ತು ಸುರಕ್ಷಾ ನಿಯಮಗಳು.

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ಮರ ಹತ್ತುವವರೂ ಅವರನ್ನು ಕೆಲಸಕ್ಕೆ ಕರೆಯುವ ತೋಟಿಗರೂ ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ. ಕೂಲಿ ಕೊಡುವವರೂ ಪಡೆಯುವವರೂ ಒಂದೇ ಕಾಗದಕ್ಕೆ ಸಹಿ ಹಾಕಲು ಕಾರಣವಿದೆ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನ ಮನೆ ಅಂದೇ ದುಡಿಮೆ ಕಳೆದುಕೊಳ್ಳುತ್ತದೆ. ಆಸ್ಪತ್ರೆಯ ಖರ್ಚಿಗೆ ಹೆಗಲು ಕೊಡಲು ಹೋದ ಒಂದೆಕರೆ ತೋಟದವನು ಸಾಲಕ್ಕೆ ಬೀಳುತ್ತಾನೆ. ಕೊಡಲಾರದವನು ಮುಖ ತಪ್ಪಿಸುತ್ತಾನೆ. ತಲೆಮಾರುಗಳಿಂದ ಒಬ್ಬರ ಮನೆಗೊಬ್ಬರು ಹೋಗಿ ಬಂದು ಮಾಡಿದವರ ನಡುವೆ ಇದರಿಂದ ಮಾತು ನಿಂತುಹೋಗುತ್ತಿದೆ.

ಕೆಲಸದ ಸ್ವರೂಪ ಮಂಡಳಿಗೆ ತಿಳಿದಿರಬೇಕು. 50–60 ಅಡಿ ಎತ್ತರದ, ತೋಳಿನಲ್ಲಿ ಬಳಸಿ ಹಿಡಿಯಬಹುದಾದಷ್ಟೇ ದಪ್ಪದ ಮರವನ್ನು ಕೊನೆಗೌಡ ಕಾಲಿಗೆ ತಳೆ (ಕುಣಿಕೆ) ಹಾಕಿಕೊಂಡು ಏರುತ್ತಾನೆ. ಕೊನೆ ಕೊಯ್ದು ಹಗ್ಗದಲ್ಲಿ ಇಳಿಸುತ್ತಾನೆ. ಮತ್ತೆ ಕೆಳಗಿಳಿಯದೆ ಪಕ್ಕದ ಮರವನ್ನು ಎಳೆದುಕೊಂಡು ಮೇಲಿಂದ ಮೇಲೇ ದಾಟುತ್ತಾನೆ. ಕೊಯ್ಲಿನ ದಿನಗಳಲ್ಲಿ ಮರವಾದರೂ ಒಣಗಿರುತ್ತದೆ. ನಿಜವಾದ ಗಂಡಾಂತರ ಮಳೆಗಾಲದ್ದು. ಕೊಳೆರೋಗ ತಡೆಯಲು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಹೊಡೆಯಬೇಕು. ಆ ಎರಡನೆಯ ಸರದಿ ಬರುವುದು ಜಡಿಮಳೆಯ ನಡುವೆ. ಮಳೆ ಹೊಳವು ಕೊಟ್ಟ ಗಳಿಗೆಯಲ್ಲೇ ಪಾಚಿಗಟ್ಟಿದ ಮರ ಏರಬೇಕು. ನಾಳೆಗೆ ಬಿಟ್ಟರೆ ಫಸಲು ಉದುರುತ್ತದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿ ಮದ್ದಿನ ಸರದಿಗಳೂ ಹೆಚ್ಚಿವೆ. ಮರ ಹತ್ತುವ ಹೊಸ ಹುಡುಗರು ಕಡಿಮೆಯಾದ್ದರಿಂದ ವಯಸ್ಸಾದವರೇ ಹೆಚ್ಚು ಮರ ಹತ್ತುತ್ತಿದ್ದಾರೆ.

ಈ ತೋಟಗಳ ಬೆಳೆಗೆ ವಿಮೆ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪಂಚಾಯಿತಿಯ ಮಳೆಮಾಪಕದ ಲೆಕ್ಕ ನೋಡಿ ಅಡಿಕೆಗೂ ಕಾಳುಮೆಣಸಿಗೂ ಪರಿಹಾರ ಬರುತ್ತದೆ. ಬೆಳೆಗಾರ ವಿಮಾ ಮೊತ್ತದ ಶೇ. 5 ಕಟ್ಟಿದರೆ ಉಳಿದ ಕಂತನ್ನು ಸರ್ಕಾರಗಳು ತುಂಬುತ್ತವೆ. ಮಳೆ ಹೆಚ್ಚಾಗಿ ಕಾಯಿ ಉದುರಿದರೆ ಲೆಕ್ಕವಿಡುವ ವ್ಯವಸ್ಥೆ, ಅದೇ ಮಳೆಯಲ್ಲಿ ಆ ಕಾಯಿ ಉಳಿಸಲು ಹೋಗಿ ಬಿದ್ದವನ ಲೆಕ್ಕ ಇಡುವುದಿಲ್ಲ. ಸತ್ತರೆ ಠಾಣೆಯಲ್ಲಿ ಅಸಹಜ ಸಾವು ಎಂದು ಬರೆದುಕೊಳ್ಳುತ್ತಾರೆ. ಬದುಕಿ ಮಲಗಿದಲ್ಲೇ ಉಳಿದವನ ಹೆಸರು ಯಾವ ದಾಖಲೆಗೂ ಸೇರುವುದಿಲ್ಲ.

ಕಾನೂನಿಲ್ಲವೆಂದು ನಾವು ಹೇಳುತ್ತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ನಮ್ಮ ತೋಟದಲ್ಲಿ ಒಬ್ಬ ಮರದ ಮೇಲೆ, ಇಬ್ಬರು ಕೆಳಗೆ. 1923ರ ನೌಕರರ ಪರಿಹಾರ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರ ಅನುಸೂಚಿಯಲ್ಲಿ ತಾಳೆ ಜಾತಿಯ ಮರದಿಂದ ಕಳ್ಳು ಇಳಿಸುವವರು, ಮರ ಕಡಿಯುವವರು, ಕೀಟನಾಶಕ ಸಿಂಪಡಿಸುವವರು ಇದ್ದಾರೆ. ಅಡಿಕೆ ಕೊಯ್ಲನ್ನು ಹೆಸರಿಸಿ ಬರೆದಿಲ್ಲ. ಹೆಸರಿದ್ದರೂ ಇಂದು ಒಂದು ತೋಟ, ನಾಳೆ ಇನ್ನೊಂದು ತೋಟಕ್ಕೆ ಹೋಗುವವನ ಮಾಲೀಕ ಯಾರು? ಫಸಲು ಗುತ್ತಿಗೆ ಹಿಡಿದವನೋ, ತೋಟದ ಒಡೆಯನೋ? ಈ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಗಾಯಗೊಂಡವನ ಹೆಂಡತಿಯ ಕೈಯಲ್ಲಿನ ಬಳೆ ಅಡವಿಗೆ ಹೋಗಿರುತ್ತದೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ: ಪರಿಹಾರವನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕದೆ ಅಡಿಕೆಯ ವಹಿವಾಟಿಗೇ ಜೋಡಿಸಿ. ಇದು ರಾಜ್ಯಕ್ಕೆ ಹೊಸದಲ್ಲ. ಕಟ್ಟಡ ಕಾರ್ಮಿಕರ ನಿಧಿಗೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಬರುತ್ತಿದೆ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಮಾಡಿದ ಕಾಯ್ದೆಯಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕಕ್ಕೆ ಅವಕಾಶವಿದೆ. ನಮ್ಮ ಅಡಿಕೆಯ ಬಹುಪಾಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಪಿಎಂಸಿ ಪ್ರಾಂಗಣಗಳಲ್ಲಿ, ಟಿಎಸ್‌ಎಸ್, ಟಿಎಂಎಸ್, ಕದಂಬದಂಥ ಸಹಕಾರಿ ಸಂಸ್ಥೆಗಳ ವ್ಯಾಪಾರಿ ಅಂಗಳದಲ್ಲಿ ತೂಗಿ ಮಾರಾಟವಾಗುತ್ತದೆ. ಅಲ್ಲಿಯೇ ಕ್ವಿಂಟಲ್‌ಗೆ ಇಷ್ಟೆಂದು ಖರೀದಿದಾರರಿಂದ ಪಡೆದು, ಅಷ್ಟೇ ಮೊತ್ತವನ್ನು ಸರ್ಕಾರ ಸೇರಿಸಿ, ಮಂಡಳಿಯಲ್ಲಿ ಪ್ರತ್ಯೇಕ ನಿಧಿ ತೆರೆಯಬೇಕು. ಸಾಮಾಜಿಕ ಭದ್ರತಾ ಸಂಹಿತೆಯ 109ನೇ ಕಲಂ ಅಸಂಘಟಿತರಿಗೆ ಕೆಲಸದಲ್ಲಾಗುವ ಗಾಯಕ್ಕೆ ಯೋಜನೆ ರೂಪಿಸುವ ಹೊಣೆಯನ್ನು ರಾಜ್ಯಕ್ಕೇ ಕೊಟ್ಟಿದೆ. ತೆಂಗು ಅಭಿವೃದ್ಧಿ ಮಂಡಳಿ ತೆಂಗಿನ ಮರ ಹತ್ತುವವರಿಗೆ ಕೇರ ಸುರಕ್ಷಾ ವಿಮೆ ನಡೆಸುತ್ತಿದೆ. ಅಡಿಕೆ ಮರದವರಿಗೂ ಅಂಥದ್ದು ಆಗದೆಂದು ನಾವು ಒಪ್ಪುವುದಿಲ್ಲ. ಮೂಟೆ ಹೊರುವ ಹಮಾಲರನ್ನು ಮಂಡಳಿ ವೃತ್ತಿಯಾಗಿ ಗುರುತಿಸಿದಂತೆ ಕೊನೆಗೌಡರನ್ನೂ ಕೊನೆಗೌಡರೆಂಬ ಹೆಸರಿನಲ್ಲೇ ನೋಂದಾಯಿಸಿ, ಗುರುತಿನ ಚೀಟಿ ಕೊಡಬೇಕು.

ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಅದು ಸಾವಿಗೂ ಶಾಶ್ವತ ಅಂಗವೈಕಲ್ಯಕ್ಕೂ ಉಂಟು. ಸೊಂಟ ಮುರಿದು ಆರು ತಿಂಗಳು ಮಲಗಿದವನ ಕೂಲಿಗೆ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಸಾಗಿಸುವ ಖರ್ಚಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ನಿಧಿ ಮೊದಲು ತುಂಬಬೇಕಾದ್ದು ಈ ಕೊರತೆಯನ್ನು.

ಮರ ಹತ್ತುವುದನ್ನೇ ತಪ್ಪಿಸುವ ದಾರಿಯೂ ತೆರೆದಿದೆ. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಬೆಲೆ ಸಣ್ಣ ಬೆಳೆಗಾರನ ಕೈಗೆಟುಕದು. ಪ್ರತಿ ಸಹಕಾರಿ ಸೊಸೈಟಿಯಲ್ಲಿ ಅದು ಬಾಡಿಗೆಗೆ ಸಿಗುವಂತಾಗಬೇಕು. ಆದರೆ ಎಚ್ಚರಿಕೆಯ ಮಾತೊಂದಿದೆ: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಹೆಸ್ಕಾಂ ತಂತಿಗಳು ಎಷ್ಟೋ ತೋಟಗಳ ನಡುವೆಯೇ ಹಾದಿವೆ. ತಂತಿ ಹಾದ ತೋಟಗಳ ಪಟ್ಟಿ ಮಾಡಿ, ಹೊದಿಕೆಯ ತಂತಿ ಅಳವಡಿಸದೆ ದೋಟಿಗೆ ಸಬ್ಸಿಡಿ ಮಾತ್ರ ಹಂಚಿದರೆ ಬೀಳುವ ಅಪಾಯದ ಜಾಗಕ್ಕೆ ಶಾಕ್ ಹೊಡೆಯುವ ಅಪಾಯ ಬರುತ್ತದೆ. ಕೊಯ್ಲಿನ ದಿನ ಅರ್ಜಿ ಕೊಟ್ಟರೆ ಆ ಲೈನ್ ಬಂದ್ ಮಾಡುವ ಕ್ರಮವನ್ನಂತೂ ಈ ಹಂಗಾಮಿನಿಂದಲೇ ಆರಂಭಿಸಬಹುದು. ಹತ್ತಲೇಬೇಕಾದ ಕಡೆ ಸೊಂಟಪಟ್ಟಿ, ಸುರಕ್ಷಾ ಹಗ್ಗ ಮತ್ತು ಅವುಗಳ ತರಬೇತಿಯನ್ನು ತೋಟಗಾರಿಕೆ ಇಲಾಖೆ ಪುಕ್ಕಟೆಯಾಗಿ ಒದಗಿಸಬೇಕು.

ಬಿದ್ದವನನ್ನು ಎತ್ತುವ ರೀತಿಯಲ್ಲೂ ಜೀವ ಹೋಗುತ್ತಿದೆ. ಕಣಿವೆಯ ತೋಟಕ್ಕೆ 108 ಬರುವುದಿಲ್ಲ. ಸಂಕ ದಾಟಿ, ದರೆ ಹತ್ತಿ ರಸ್ತೆಗೆ ತರಬೇಕು. ಬೆನ್ನುಮೂಳೆಗೆ ಪೆಟ್ಟಾದವನನ್ನು ಹೆಗಲು, ಕಾಲು ಹಿಡಿದು ಹೊತ್ತರೆ ಕಾಲಿನ ಸ್ವಾಧೀನವೇ ತಪ್ಪಬಹುದು. ಪ್ರತಿ ಸೊಸೈಟಿಯಲ್ಲಿ ಗಟ್ಟಿ ಹಲಗೆಯ ಸ್ಟ್ರೆಚರ್ ಇರಲಿ, ಊರಿನ ನಾಲ್ವರಿಗಾದರೂ ತರಬೇತಿ ಸಿಗಲಿ.

ಇದೇ ತೋಟಗಳಿಗಾಗಿ ಬೆಟ್ಟದಿಂದ ದರಕು (ಒಣಗಿದ ಎಲೆ), ಸೊಪ್ಪು ತರುವವರಿಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನೂ ಕೆಲಸದ ಕಾಯಿಲೆ ಎಂದೇ ಪರಿಗಣಿಸಬೇಕು. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗಕ್ಕೆ ಸಿದ್ದಾಪುರ ತಾಲೂಕು ಜೀವಗಳನ್ನು ತೆತ್ತಿದೆ. ಸೋಂಕು ತಗಲುವ ವಿಶೇಷ ಅಪಾಯವಿರುವ ಕೆಲಸಗಳಿಗೆ ಸಾಮಾಜಿಕ ಭದ್ರತಾ ಸಂಹಿತೆಯ ವೃತ್ತಿರೋಗಗಳ ಅನುಸೂಚಿಯಲ್ಲಿ ಈಗಾಗಲೇ ಸ್ಥಾನವಿದೆ.

ಗ್ರಾಮ ಪಂಚಾಯಿತಿಗಳು ಮರದಿಂದ ಬಿದ್ದವರ ದಾಖಲೆ ಪುಸ್ತಕ ಇಡುವಂತೆ ಕೂಡಲೇ ಆದೇಶ ಹೊರಡಿಸಲು ಮಂಡಳಿ ಶಿಫಾರಸು ಮಾಡಬೇಕು. ಮುಂದಿನ ಮಳೆಗಾಲದ ಮೊದಲ ಮದ್ದಿನ ಸರದಿಗೆ ಮುನ್ನ ಶಿರಸಿಯಲ್ಲಿ ಬಹಿರಂಗ ಅಹವಾಲು ಸಭೆ ಕರೆಯಬೇಕು. ಕಾರ್ಮಿಕ, ತೋಟಗಾರಿಕೆ, ಆರೋಗ್ಯ ಇಲಾಖೆಗಳು ಮತ್ತು ಹೆಸ್ಕಾಂ ಅಧಿಕಾರಿಗಳು ಅಲ್ಲಿ ಹಾಜರಿರಬೇಕು. ಬಿದ್ದು ಬದುಕುಳಿದವರನ್ನು ಕರೆತರುವ ಹೊಣೆ ನಮ್ಮದು. ಸಭೆ ಅವರು ಹತ್ತಿ ಬರಲಾಗದ ಮಹಡಿಯಲ್ಲಿ ಇರದಂತೆ ನೋಡಿಕೊಳ್ಳಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕೊನೆಗೌಡರು, ತೋಟದ ಕೆಲಸಗಾರರು ಮತ್ತು ಬೆಳೆಗಾರರು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ.