ಮೇಣ ಕೊಟ್ಟ ಅನ್ನ

'ಚಿತ್ರ ಬರೆದರೆ ಹೊಟ್ಟೆ ತುಂಬೀತೆ?' ಎಂದು ಮಕ್ಕಳನ್ನು ಕೇಳದ ತಂದೆತಾಯಿ ಅಪರೂಪ. ಮದರಾಸಿನ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರನ್ನೂ ಇದೇ ಪ್ರಶ್ನೆ ಕಾಡಿತ್ತು. ಕಲಿತು ಹೊರಬಿದ್ದ ಶಿಷ್ಯರು ಕುಂಚ ಕೆಳಗಿಟ್ಟು ಬೇರೆ ನೌಕರಿ ಹಿಡಿಯುವಂತಾಗಬಾರದಲ್ಲ!

ಉತ್ತರ ಸಿಕ್ಕಿದ್ದು ಕೈಕಸುಬಿನಲ್ಲಿ, ಅದರಲ್ಲೂ ಬಾಟಿಕ್‌ನಲ್ಲಿ. ಕರಗಿಸಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ತಾರ ಬರೆದು ತಣ್ಣನೆಯ ಬಣ್ಣದಲ್ಲಿ ಅದ್ದಬೇಕು. ಬಣ್ಣ ಬಿಸಿಯಾಗಿದ್ದರೆ ಮೇಣ ಕರಗಿ ಕೆಲಸ ಕೆಟ್ಟೀತು. ಮೇಣವಿದ್ದಲ್ಲಿ ಬಣ್ಣ ಹಿಡಿಯದು. ಮೇಣ ಬಿರಿದಲ್ಲಿ ಬಣ್ಣ ನುಸುಳಿ ಎಳೆಎಳೆಯಾಗಿ ಗೆರೆ ಮೂಡುತ್ತದೆ. ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸುತ್ತಾರೆ. ಈ ಹದ ಪುಸ್ತಕದಿಂದ ಬಾರದು. ಪಕ್ಕದವರ ಕೈ ನೋಡಿಯೇ ಕಲಿಯಬೇಕು.

ಗುರುಶಿಷ್ಯರು ಕೂಡಿ ಬಾಟಿಕ್ ಮತ್ತಿತರ ಕರಕುಶಲ ವಸ್ತುಗಳನ್ನು ಮಾರಿದರು. ಆ ಹಣದಿಂದ ಕಡಲ ತಡಿಯ ಇಂಜಂಬಾಕ್ಕಂನಲ್ಲಿ ಜಾಗ ಕೊಂಡರು. 1966ರಲ್ಲಿ ಚೋಳಮಂಡಲ ಕಲಾಗ್ರಾಮ ಹುಟ್ಟಿತು. ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ಕಸುಬು ಅನ್ನಕ್ಕೆ, ಚಿತ್ರ ಮನಸ್ಸಿಗೆ ಎಂಬ ಈ ಏರ್ಪಾಡಿನಿಂದ, ಕೊಳ್ಳುವವರ ಮರ್ಜಿಗೆ ತಕ್ಕಂತೆ ಚಿತ್ರ ಬರೆಯುವ ಒತ್ತಡ ಕಡಿಮೆಯಾಯಿತು.

ಮಗನೋ ಮಗಳೋ ಕುಂಚ ಹಿಡಿದರೆ ಬೇಡವೆನ್ನಬೇಡಿ. ಜೊತೆಗೊಂದು ಕಸುಬನ್ನೂ ಕಲಿಯಲಿ, ಕೂಡಿ ಕಲಿಯಲು ನಾಲ್ಕು ಜನ ಗೆಳೆಯರೂ ಇರಲಿ.