ಜಾದುವಿನ ಕರವಸ್ತ್ರ: ರೇಷ್ಮೆಯೋ, ನೈಲಾನೋ?

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಾಟಕ, ಕೋಲಾಟ, ಏಕಪಾತ್ರಾಭಿನಯಗಳ ಜೊತೆಗೆ ಜಾದು ಪ್ರದರ್ಶನವೂ ಇದ್ದರೆ ಸಭೆಗೆ ಕಳೆ. ಖಾಲಿ ಮುಷ್ಟಿಯಿಂದ ಕೆಂಪು ಕರವಸ್ತ್ರ ಅರಳಿ ಬರುವುದನ್ನು, ಬಿಗಿದ ಗಂಟು ಊದಿದ ಮಾತ್ರಕ್ಕೆ ಬಿಚ್ಚಿಕೊಳ್ಳುವುದನ್ನು ಕಂಡು ಚಪ್ಪಾಳೆ ತಟ್ಟದವರಿಲ್ಲ. ಈ ಆಟಗಳಿಗೆ ನಿಜವಾದ ರೇಷ್ಮೆಯೇ ಆಗಬೇಕೆ, ಅಗ್ಗದ ನೈಲಾನು, ಪಾಲಿಯೆಸ್ಟರು ಸಾಲದೆ ಎಂಬ ಪ್ರಶ್ನೆ ಕಲಿಯುವ ಮಕ್ಕಳಲ್ಲಿಯೂ ಹಣ ಕೊಡುವ ಪೋಷಕರಲ್ಲಿಯೂ ಏಳುವುದು ಸಹಜ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಒಂದು ಕಡೆ ಹಿಂದೂಪುರ. ಅಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಪಕ್ಕದ ಕಿರಿಕೆರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಇನ್ನೊಂದು ಕಡೆ ಕಲ್ಯಾಣದುರ್ಗ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಒಣಭೂಮಿ. ಮಳೆ ಕೈಕೊಟ್ಟ ವರ್ಷ ನೋಟುಬುಕ್ಕಿನ ಹಣಕ್ಕೂ ಲೆಕ್ಕ ಹಾಕುವ ಮನೆಗಳು ಎರಡೂ ಕಡೆ ಉಂಟು. ಆದ್ದರಿಂದ ‘ರೇಷ್ಮೆಯೇ ಶ್ರೇಷ್ಠ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸರಿಯಲ್ಲ.

ಮೊದಲು ರೇಷ್ಮೆಯ ಗುಣವನ್ನು ನೋಡೋಣ. ಜಾದೂಗಾರರು ಬಯಸುವುದು ಜಪಾನೀಯರು ‘ಹಬೊತಾಯಿ’ ಎಂದು ಕರೆಯುವ, ಹುರಿಯಿಲ್ಲದ ನೂಲಿನಿಂದ ನೇಯ್ದ ತೆಳು ರೇಷ್ಮೆ. ಅದರ ತೂಕವನ್ನು ‘ಮೊಮ್ಮೆ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮೊಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. 5 ಮೊಮ್ಮೆಯ ಬಟ್ಟೆಯಲ್ಲಿ ಒಂದೂವರೆ ಅಡಿ ಚೌಕದ ಕರವಸ್ತ್ರ ಕತ್ತರಿಸಿದರೆ ಅದರ ತೂಕ 5 ಗ್ರಾಮನ್ನೂ ಮುಟ್ಟುವುದಿಲ್ಲ. ಹಿಡಿದರೆ ಮುಷ್ಟಿಯಲ್ಲಿ ಅಡಗುತ್ತದೆ, ಬಿಟ್ಟರೆ ಹೂವಿನಂತೆ ತಾನಾಗಿ ಅರಳುತ್ತದೆ. ಎಳೆಯ ಮೇಲೆ ಎಳೆ ಜಾರುವುದರಿಂದ ಗಂಟೂ ಸಲೀಸಾಗಿ ಸಡಿಲುತ್ತದೆ. ‘ಹಾಗಾದರೆ ಅಮ್ಮನ ಧರ್ಮಾವರಂ ಸೀರೆಯ ತುಂಡು ಸಾಕಲ್ಲವೆ?’ ಎಂದು ಕೆಲವರು ಕೇಳಬಹುದು. ಸಾಲದು. ಸೀರೆಗೆ ಹುರಿ ಹಾಕಿದ ದಪ್ಪ ನೂಲು, ಮೇಲೆ ಜರಿ. ಅದು ಮೈಮೇಲೆ ಚೆಂದ, ಮುಷ್ಟಿಯಲ್ಲಿ ಭಾರ.

ಹವೆಯ ವಿಚಾರವೂ ಉಂಟು. ರೇಷ್ಮೆ ತನ್ನ ತೂಕದ ಶೇಕಡಾ 11ರಷ್ಟು ತೇವವನ್ನು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲುದು. ಪಾಲಿಯೆಸ್ಟರು ಶೇಕಡಾ ಅರ್ಧದಷ್ಟನ್ನೂ ಹೀರುವುದಿಲ್ಲ. ತೇವವಿಲ್ಲದ ಬಟ್ಟೆಯನ್ನು ಒಣಹವೆಯಲ್ಲಿ ಉಜ್ಜಿದರೆ ಸ್ಥಾಯೀ ವಿದ್ಯುತ್ತು ಹುಟ್ಟಿ ಅದು ಕೈಗೆ, ಅಂಗಿಗೆ ಅಂಟಿಕೊಳ್ಳುತ್ತದೆ. ನಮ್ಮ ಬೇಸಗೆಯಲ್ಲಿ ಇದು ಬಾಲ ಜಾದೂಗಾರನಿಗೆ ದೊಡ್ಡ ತೊಡಕೇ ಸರಿ.

ಆದರೆ ಅಗ್ಗದ ಬಟ್ಟೆಯನ್ನು ಹೀಗಳೆಯುವುದೂ ನ್ಯಾಯವಲ್ಲ. ನೂರು ಸಲ ಹಿಂಡಿದರೂ, ಒಗೆದರೂ ಅದು ಜಗ್ಗುವುದಿಲ್ಲ. ದೂರ ಕುಳಿತವರ ಕಣ್ಣಿಗೆ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಕಳೆದುಹೋದರೆ ಮನೆಯಲ್ಲಿ ಬೈಗುಳವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಾದು ಇರುವುದು ಕೈಚಳಕದಲ್ಲಿ. ಬಟ್ಟೆ ಅದಕ್ಕೆ ಸಹಾಯ ಮಾತ್ರ. ಅಭ್ಯಾಸವಿಲ್ಲದ ಕೈಗೆ ರೇಷ್ಮೆ ಕೊಟ್ಟರೂ ಗುಟ್ಟು ಬಯಲಾಗುತ್ತದೆ. ಹಳೆಯ ವಾಯಿಲ್ ಸೀರೆಯ ಚೂರಿನಲ್ಲಿ ಮೂರು ತಿಂಗಳು ಪಳಗಿದ ಕೈ ಸಭೆಯನ್ನು ಗೆಲ್ಲುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಲಿಯುವುದು ಮನೆಯಲ್ಲಿರುವ ಬಟ್ಟೆಯಲ್ಲಿ, ವೇದಿಕೆಯ ಮೇಲೆ ಆಡುವುದು ರೇಷ್ಮೆಯಲ್ಲಿ. ಆ ರೇಷ್ಮೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಳ್ಳಬೇಕಾಗಿಲ್ಲ. ಪ್ರಯೋಗಾಲಯದ ತಕ್ಕಡಿಯನ್ನು, ಆಟದ ಚೆಂಡನ್ನು ಶಾಲೆಯೇ ಇಟ್ಟುಕೊಳ್ಳುವಂತೆ ನಾಲ್ಕು ಬಣ್ಣದ ನಾಲ್ಕು ರೇಷ್ಮೆ ಕರವಸ್ತ್ರಗಳನ್ನೂ ಇಟ್ಟುಕೊಳ್ಳಲಿ. ಸೌಮ್ಯವಾದ ಸಾಬೂನಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಗಂಟು ಬಿಚ್ಚಿ ಮಡಿಸಿಟ್ಟರೆ ಹಲವು ವರ್ಷ ಬಾಳುತ್ತವೆ. ‘ನನ್ನ ಬಳಿ ರೇಷ್ಮೆಯಿಲ್ಲ’ ಎಂದು ಯಾವ ಮಗುವೂ ವೇದಿಕೆಯಿಂದ ಹಿಂದೆ ಸರಿಯಬಾರದು.

ಪೋಷಕರು ಕೊಳ್ಳುವಾಗ ಎಚ್ಚರ ವಹಿಸಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವುದೆಲ್ಲ ರೇಷ್ಮೆಯಲ್ಲ. ಬಟ್ಟೆಯ ಅಂಚಿನಿಂದ ಒಂದು ಎಳೆ ತೆಗೆದು ದೊಡ್ಡವರು ಸುಟ್ಟು ನೋಡಲಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಿಗೆ ಪುಡಿಯಾಗುವ ಬೂದಿ ಉಳಿಸುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಕೃತಕ ರೇಷ್ಮೆ ಎನ್ನುವ ರೇಯಾನು ಕಾಗದದಂತೆ ಉರಿಯುತ್ತದೆ. ಶುದ್ಧ ರೇಷ್ಮೆಯನ್ನು ಗುರುತಿಸಲೆಂದೇ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ‘ಸಿಲ್ಕ್ ಮಾರ್ಕ್’ ಮುದ್ರೆಯನ್ನು ಜಾರಿಗೆ ತಂದಿದೆ.

ಇಲ್ಲಿ ಒಂದು ಮಾತನ್ನು ಮಕ್ಕಳು ಗಮನಿಸಬೇಕು. ಜಾದೂಗಾರನೂ ಕಣ್ಣಿಗೆ ಮಣ್ಣೆರಚುತ್ತಾನೆ, ಪಾಲಿಯೆಸ್ಟರನ್ನು ರೇಷ್ಮೆಯೆಂದು ಮಾರುವವನೂ ಎರಚುತ್ತಾನೆ. ಆದರೆ ಜಾದು ನೋಡಲು ಬಂದವನು ‘ನನ್ನನ್ನು ಬೆರಗುಗೊಳಿಸು’ ಎಂದು ಒಪ್ಪಿಯೇ ಕುಳಿತಿರುತ್ತಾನೆ. ಮನೆಗೆ ಮರಳುವಾಗ ಏನನ್ನೂ ಕಳೆದುಕೊಂಡಿರುವುದಿಲ್ಲ. ಅಂಗಡಿಯ ಗಿರಾಕಿ ಹಾಗೆ ಒಪ್ಪಿರುವುದಿಲ್ಲ. ಅವನ ಹಣದೊಡನೆ, ಸಾಲ ಮಾಡಿ ಹುಳು ಸಾಕಿದ ರೈತನ ಬೆಲೆಯೂ ಹೋಗುತ್ತದೆ. ಅಗ್ಗದ ಬಟ್ಟೆಯಲ್ಲಿ ದೋಷವಿಲ್ಲ, ಅದಕ್ಕೆ ಸುಳ್ಳು ಹೆಸರಿಡುವುದರಲ್ಲಿ ದೋಷವಿದೆ.

ರೇಷ್ಮೆಯ ಹಿಂದಿರುವ ಶ್ರಮವನ್ನೂ ಜೀವವನ್ನೂ ಮರೆಯಬಾರದು. ಹುಳು ನಾಲ್ಕು ಜ್ವರ ದಾಟಿ, ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು, ಹಣ್ಣಾಗಿ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಅಷ್ಟೂ ದಿನ ಮನೆಮಂದಿಗೆ ಸರಿಯಾದ ನಿದ್ದೆಯಿಲ್ಲ. ಎಳೆ ಕಡಿಯದೆ ನೂಲು ಬಿಚ್ಚಲು ಒಳಗಿನ ಕೋಶವನ್ನು ಶಾಖದಿಂದ ಕೊಲ್ಲಬೇಕಾಗುತ್ತದೆ. ಒಂದು ಚಿಕ್ಕ ಕರವಸ್ತ್ರಕ್ಕೂ ಸುಮಾರು 20–25 ಗೂಡುಗಳ ನೂಲು ಬೇಕು. ಈ ಕಾರಣದಿಂದ ರೇಷ್ಮೆ ಮುಟ್ಟಲೊಲ್ಲದ ಮನೆಯ ಮಕ್ಕಳು ನಮ್ಮಲ್ಲಿದ್ದರೆ ಅವರ ಭಾವನೆಯನ್ನು ಗೌರವಿಸಿ, ತೆಳು ಹತ್ತಿ ಬಟ್ಟೆಯಲ್ಲಿಯೇ ಆಡಲು ಬಿಡೋಣ. ಉಳಿದವರು ಅಗತ್ಯವಿದ್ದಷ್ಟನ್ನೇ ಕೊಂಡು ಜೋಪಾನ ಮಾಡೋಣ.

ಲೇಪಾಕ್ಷಿಗೆ ಹೋದವರು ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ಬೆರಗಾಗುತ್ತಾರೆ. ಅದು ಪಟ್ಟೆವಸ್ತ್ರವೋ ಹೆಗಲ ಮೇಲಿನ ಟವಲೋ ಎಂದು ಯಾರೂ ಕೇಳುವುದಿಲ್ಲ. ಬೆರಗೆಲ್ಲ ಆ ಕಂಬವನ್ನು ನಿಲ್ಲಿಸಿದ ಶಿಲ್ಪಿಯ ಕೈಗೆ ಸಲ್ಲುತ್ತದೆ. ಬಾಲ ಜಾದೂಗಾರರೇ, ನೀವೂ ಮೊದಲು ಕೈಯನ್ನು ಪಳಗಿಸಿರಿ. ಪಳಗಿದ ಕೈಗೆ ರೇಷ್ಮೆ ಒಪ್ಪುತ್ತದೆ.